ಏಟು ನಿಜ ಕಂಡರೆ ಮಾತ್ರ ಕನಿಕರ ಕಾಣುತ್ತದೆ: ಬಾಕ್ಸಿಂಗ್ ನಗೆನಾಟಕ ಕಟ್ಟಿದ ಬಗೆ

ದುಡ್ಡಿನ ವಾಸನೆ ಹಿಡಿದು ಓಡುವ ಮ್ಯಾನೇಜರು, ಎದುರಾಳಿಯ ಮುಖ ಸಪ್ಪೆಯಾದರೆ ಕೈ ಎತ್ತಲಾರದ ಬಾಕ್ಸರ್. ಈ ಜೋಡಿಯನ್ನು ರಂಗಕ್ಕೆ ತರುವ ಹವ್ಯಾಸಿ ತಂಡಗಳು ಸಾಮಾನ್ಯವಾಗಿ ನಗೆಮಾತುಗಳನ್ನು ಮೊದಲು ಕಲಿತು, ಹೊಡೆದಾಟವನ್ನು ಕೊನೆಯ ವಾರಕ್ಕೆ ಬಿಡುತ್ತವೆ. ನಾನು ಮಾಡಿಸಿದ್ದು ಇದಕ್ಕೆ ತಿರುಗಾಮುರುಗಾ. ಮೊದಲು ರಿಂಗ್ ಕಟ್ಟಿಸಿದೆ, ಹೊಡೆತ ಕಲಿಸಿದೆ, ಆಮೇಲೆ ಮಾತಿಗೆ ಬಂದೆ. ಬಾಕ್ಸರ್ ತನ್ನ ಕೈ ತಡೆದದ್ದು ಪ್ರೇಕ್ಷಕರಿಗೆ ತಿಳಿಯಬೇಕಾದರೆ, ಆ ಕೈ ಬಿದ್ದರೆ ಏನಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿರಬೇಕು. ಏಟು ಸುಳ್ಳೆನಿಸಿದರೆ ಕನಿಕರವೂ ಸುಳ್ಳಾಗುತ್ತದೆ, ಉಳಿಯುವುದು ಇಬ್ಬರು ಗಂಡಸರು ಗಾಳಿಯಲ್ಲಿ ಕೈ ಬೀಸುವ ಕೆಲಸ ಮಾತ್ರ.

ಕಥೆಯ ಜಾಗ 1920ರ ದಶಕದ ಲಂಡನ್, ಬ್ಲ್ಯಾಕ್‌ಫ್ರಯರ್ಸ್ ರಸ್ತೆಯ 'ದಿ ರಿಂಗ್'. ಅದು ಹದಿನೆಂಟನೇ ಶತಮಾನದ ಕೊನೆಯಲ್ಲಿ ರೋಲಂಡ್ ಹಿಲ್ ಎಂಬ ಪ್ರಚಾರಕರು ಕಟ್ಟಿಸಿದ ದುಂಡನೆಯ ಪ್ರಾರ್ಥನಾ ಮಂದಿರ. ದೆವ್ವ ಅಡಗಲು ಮೂಲೆ ಇರಬಾರದೆಂದು ದುಂಡಗೆ ಕಟ್ಟಿಸಿದರು ಎಂಬ ಮಾತಿದೆ. 1910ರಲ್ಲಿ ಡಿಕ್ ಬರ್ಜ್ ಮತ್ತು ಬೆಲ್ಲಾ ಬರ್ಜ್ ದಂಪತಿ ಅದನ್ನು ಬಾಕ್ಸಿಂಗ್ ಅಖಾಡ ಮಾಡಿದರು. ಗಂಡ ತೀರಿಕೊಂಡ ಮೇಲೆ ಬೆಲ್ಲಾ ಒಬ್ಬರೇ ನಡೆಸಿದರು. ಎರಡನೇ ಮಹಾಯುದ್ಧದ ಬಾಂಬಿನಲ್ಲಿ ಕಟ್ಟಡ ಹಾಳಾಯಿತು. ಕೂಲಿ ಮಾಡುವವರು ಹಗಲು ದುಡಿದು ರಾತ್ರಿ ಕೆಲವೇ ಪೌಂಡಿಗೆ ಹೊಡೆದಾಡುತ್ತಿದ್ದ ಇಂಥ ಜಾಗವೇ ನಮ್ಮ ಕಥೆಗೆ ಸರಿ. ಕಥೆಯನ್ನು ಬೆಂಗಳೂರಿಗೆ ಎಳೆದು ತರಬಾರದೆಂದು ನಾನು ಮೊದಲೇ ತೀರ್ಮಾನಿಸಿದೆ. ಆ ಕಾಲದ ಲಂಡನ್ನಿನಲ್ಲಿ ಬಡವನೊಬ್ಬ ರಿಂಗಿಗೆ ಇಳಿಯುವುದು ದಿನನಿತ್ಯದ ಸಂಗತಿ, ವಿವರಣೆ ಕೇಳುವುದಿಲ್ಲ. ಇಲ್ಲಿಗೆ ತಂದರೆ ಮೊದಲ ಇಪ್ಪತ್ತು ನಿಮಿಷ ಆ ವಿವರಣೆಗೇ ಹೋಗುತ್ತದೆ.

ಕಥೆ ಚಿಕ್ಕದು. ಹಡಗುಕಟ್ಟೆಯ ಹಮಾಲಿಯೊಬ್ಬನನ್ನು ಮ್ಯಾನೇಜರು ಬಾಕ್ಸರ್ ಮಾಡುತ್ತಾನೆ. ಎದುರಾಳಿ ಹಾಲಿನ ಗಾಡಿಯವನು, ಬೆಳಗಿನ ಜಾವ ನಾಲ್ಕಕ್ಕೇ ಎದ್ದವನು, ರಿಂಗಿನಲ್ಲಿ ಕಣ್ಣೆಳೆಯುತ್ತಿರುತ್ತಾನೆ. ಬಾಕ್ಸರ್ ಅದನ್ನು ಗಮನಿಸುತ್ತಾನೆ. ಅಲ್ಲಿಂದ ಮ್ಯಾನೇಜರಿನ ಲೆಕ್ಕವೆಲ್ಲ ಕೆಡುತ್ತದೆ.

ಲೆಕ್ಕ ಅಂದೆ. ಈ ಬಗೆಯ ನಾಟಕದಲ್ಲಿ ಹೊಡೆತದಷ್ಟೇ ಕಟ್ಟುನಿಟ್ಟಾಗಿ ಕೂಡಿಬರಬೇಕಾದದ್ದು ದುಡ್ಡು. ಪ್ರೇಕ್ಷಕರು ಮನಸ್ಸಿನಲ್ಲೇ ಕೂಡಿಸಬಲ್ಲ ಅಂಕಿ ಬೇಕು. ಗೆದ್ದವನಿಗೆ 24 ಪೌಂಡ್ ಎಂದು ಇಟ್ಟೆ, ಏಕೆಂದರೆ 24 ಅರ್ಧ, ಮುಕ್ಕಾಲು, ಮೂರರಲ್ಲೊಂದು ಎಲ್ಲಕ್ಕೂ ಒಡೆಯುತ್ತದೆ. ಮ್ಯಾನೇಜರು ಮನೆಯೊಡತಿಗೆ ಬಾಡಿಗೆ ಬಾಕಿಗಾಗಿ ಕಾಲು ಪಾಲು ಬರೆದುಕೊಡುತ್ತಾನೆ, ದರ್ಜಿಗೆ ಕಾಲು ಪಾಲು, ಊಟದಂಗಡಿಯವನಿಗೆ ಮೂರರಲ್ಲೊಂದು, ತನಗೆ ಮೂರರಲ್ಲೊಂದು. 6, 6, 8, 8. ಒಟ್ಟು 28. ಗೆದ್ದರೂ 4 ಪೌಂಡ್ ಕಡಿಮೆ, ಪಟ್ಟಿಯಲ್ಲಿ ಬಾಕ್ಸರನ ಹೆಸರೇ ಇಲ್ಲ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬಾರದು. ರಂಗದ ಎಡಕ್ಕೆ ಒಂದು ಕರಿಹಲಗೆ ಇಟ್ಟು, ಬಾಕಿ ಕೇಳುವವರು ಒಬ್ಬೊಬ್ಬರಾಗಿ ಬಂದಾಗಲೂ ಮ್ಯಾನೇಜರು ಅವರವರ ಪಾಲನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾನೆ. ನಾಲ್ಕನೇ ಅಂಕಿ ಬಿದ್ದಾಗ ಸಭೆಯಲ್ಲಿ ಅಲ್ಲಲ್ಲಿ ನಗು ಏಳುತ್ತದೆ, ಒಬ್ಬರ ನಂತರ ಒಬ್ಬರು ಕೂಡಿಸಿ ಮುಗಿಸುವ ನಗು. ಆ ನಗುವಿಗೆ ಮುಂದಿನ ಮಾತನ್ನು ನಾಲ್ಕೈದು ಸೆಕೆಂಡ್ ತಡೆಯಿರಿ. ಷಿಲಿಂಗ್, ಪೆನ್ಸ್ ಸೇರಿಸಲೇಬೇಡಿ. ಆಗ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್. ಇವತ್ತಿನ ಸಭೆ ಅಲ್ಲಿಗೇ ಕೈಬಿಡುತ್ತದೆ.

ನಿಯಮಗಳನ್ನು ನಟರೆಲ್ಲ ಓದಿಕೊಂಡಿರಬೇಕು, ರೆಫರಿಯ ಪಾತ್ರಧಾರಿ ಮಾತ್ರವಲ್ಲ. 1867ರಲ್ಲಿ ಕ್ವೀನ್ಸ್‌ಬರಿಯ ಮಾರ್ಕ್ವಿಸ್ ಎಂಬ ಕುಲೀನನ ಹೆಸರಿನಲ್ಲಿ ಹೊರಬಂದ, ಜಾನ್ ಗ್ರಹಾಂ ಚೇಂಬರ್ಸ್ ಬರೆದ ಬಾಕ್ಸಿಂಗಿನ ಹನ್ನೆರಡು ನಿಯಮಗಳು ಒಂದೇ ಪುಟದಲ್ಲಿ ಮುಗಿಯುತ್ತವೆ. ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷ ಬಿಡುವು. ತೆಕ್ಕೆಹಾಕುವಂತಿಲ್ಲ. ಸುತ್ತು ನಡೆಯುವಾಗ ಸಹಾಯಕರು ರಿಂಗಿನೊಳಗೆ ಬರುವಂತಿಲ್ಲ. ನಮ್ಮ ನಾಟಕ ನಿಂತಿರುವುದು ನಾಲ್ಕನೆಯದರ ಮೇಲೆ: ಬಿದ್ದವನು ಯಾರ ಸಹಾಯವೂ ಇಲ್ಲದೆ ಹತ್ತು ಸೆಕೆಂಡಿನೊಳಗೆ ಏಳಬೇಕು, ಅಷ್ಟರಲ್ಲಿ ಇನ್ನೊಬ್ಬ ತನ್ನ ಮೂಲೆಗೆ ಹೋಗಬೇಕು. ಕೊನೆಯ ಸುತ್ತಿನಲ್ಲಿ ಬಾಕ್ಸರ್ ತಾನೇ ಬೀಳಿಸಿದವನನ್ನು ತಾನೇ ಎತ್ತಿ ನಿಲ್ಲಿಸುತ್ತಾನೆ. ಮ್ಯಾನೇಜರು ನಿಯಮದ ಹಾಳೆ ಹಿಡಿದು ರಿಂಗಿನ ಪಕ್ಕಕ್ಕೆ ಓಡಿಬರುತ್ತಾನೆ: "ಬಿದ್ದವನು ಸಹಾಯವಿಲ್ಲದೆ ಎದ್ದಿಲ್ಲ ಸ್ವಾಮಿ, ಆದ್ದರಿಂದ ಗೆದ್ದವನು ನಮ್ಮವನೇ." ರೆಫರಿಯ ಉತ್ತರ: "ಎತ್ತಿದವನೂ ನಿಮ್ಮವನೇ." ಇಬ್ಬರೂ ಹೇಳುವುದು ನಿಯಮದಲ್ಲೇ ಇದೆ, ಅದಕ್ಕೇ ಈ ವಾದ ನಗಿಸುತ್ತದೆ. ನಿಯಮವನ್ನು ನಾಟಕದ ಅನುಕೂಲಕ್ಕೆ ತಿರುಚಿದರೆ ಈ ಜಗಳಕ್ಕೆ ಬೆಲೆ ಇಲ್ಲ.

ಇನ್ನು ರಿಂಗ್. ಆ ನಿಯಮಗಳಲ್ಲಿ ಹೇಳಿದ್ದು 24 ಅಡಿ ಚೌಕ, ನಮ್ಮ ರಂಗಮಂದಿರಗಳಲ್ಲಿ 12 ಅಡಿ ಸಾಕು, 10ಕ್ಕಿಂತ ಕಡಿಮೆಯಾದರೆ ಬೀಳಲು ಜಾಗವಿರುವುದಿಲ್ಲ. ಎರಡೇ ಕಂಬ, ಹಿಂದಿನವು. ಮುಂದಿನ ಕಂಬ, ಹಗ್ಗ ಬಿಟ್ಟುಬಿಡಿ. ಸಭೆ ತಾನೇ ಅವನ್ನು ಕಲ್ಪಿಸಿಕೊಳ್ಳುತ್ತದೆ. ಪಕ್ಕದ ಹಗ್ಗಗಳನ್ನು ಹಿಂದಿನ ಕಂಬದಿಂದ ಸೈಡ್ ವಿಂಗಿನೊಳಗೆ (ರಂಗದ ಪಕ್ಕದ ಮರೆಗೆ) ಎಳೆದು ಕಟ್ಟಿ. ಆ ಕಾಲದ ರಿಂಗಿಗೆ ಮೂರು ಹಗ್ಗ: ಒಂದೂವರೆ ಅಡಿ, ಮೂರಡಿ, ನಾಲ್ಕೂಕಾಲು ಅಡಿ ಎತ್ತರಕ್ಕೆ ಕಟ್ಟಿದರೆ ಕಣ್ಣಿಗೆ ಸರಿ ಕಾಣುತ್ತದೆ. ನೈಲಾನ್ ಹಗ್ಗ ಬೇಡ, ಬೆನ್ನು ಉಜ್ಜಿದರೆ ಚರ್ಮ ಸುಲಿಯುತ್ತದೆ. ಹತ್ತಿ ಹಗ್ಗಕ್ಕೆ ಹಳೆ ಬೆಡ್‌ಶೀಟ್ ಸೀಳಿ ಸುತ್ತಿಸಿ. ತೊಂದರೆ ಕೊಡುವುದು ಕಂಬ. ನಿಂತಲ್ಲೇ ಗಟ್ಟಿ ಕಾಣುವ ಕಂಬ, ನಟ ಹಗ್ಗಕ್ಕೆ ಒರಗಿದ ಕ್ಷಣ ಒಳಕ್ಕೆ ವಾಲುತ್ತದೆ, ಏಕೆಂದರೆ ಭಾರವೆಲ್ಲ ತುದಿಯಲ್ಲಿ ಎಳೆಯುತ್ತದೆ. 18 ಮಿಲಿಮೀಟರ್ ಪ್ಲೈವುಡ್ಡಿನ 4 ಅಡಿ ಚೌಕಕ್ಕೆ ಕಂಬವನ್ನು ಬೋಲ್ಟ್ ಹಾಕಿ, ಹಿಂದಕ್ಕೆ ಓರೆಯಾಗಿ ಒಂದು ಆಸರೆ ಕೊಟ್ಟು, ಹಲಗೆಯ ಹಿಂಭಾಗಕ್ಕೆ ಮರಳು ಮೂಟೆ ಹೇರಬೇಕು. ಇಷ್ಟಾದ ಮೇಲೂ ನಟರಿಗೆ ಒಂದೇ ಮಾತು: ಹಗ್ಗಕ್ಕೆ ಒರಗಿದಂತೆ ಕಾಣಬೇಕು, ಮೈಭಾರ ಕಾಲಿನ ಮೇಲೇ ಇರಬೇಕು.

ನೆಲಕ್ಕೆ ಒಂದಿಂಚಿನ ವ್ಯಾಯಾಮದ ಮ್ಯಾಟು, ಮೇಲೆ ಕ್ಯಾನ್ವಾಸು. ಕ್ಯಾನ್ವಾಸನ್ನು ನಾಲ್ಕೂ ಬದಿ ಬಿಗಿಯಾಗಿ ಎಳೆದು ಮ್ಯಾಟಿನ ಅಡಿಗೆ ಮಡಿಚಿ ಟೇಪ್ ಹಾಕದಿದ್ದರೆ ಕಾಲಿನ ತುದಿ ಸುಕ್ಕಿಗೆ ಸಿಕ್ಕುತ್ತದೆ. ಈ ದೃಶ್ಯದಲ್ಲಿ ಪೆಟ್ಟಾಗುವುದು ಗುದ್ದಿನಿಂದಲ್ಲ, ಹೆಚ್ಚಾಗಿ ಈ ಸುಕ್ಕಿನಿಂದ.

ಹೊಡೆತಕ್ಕೆ ಬರೋಣ. ಗುದ್ದುಗಳಲ್ಲಿ ಹೆಚ್ಚಿನವು ನಿಜವಾಗಿ ತಾಗುವಂಥವೇ, ಆದರೆ ತಾಗುವುದು ಎದುರಾಳಿಯ ಕೈಗವಸಿಗೆ. ಎದುರಾಳಿ ಎರಡೂ ಗವಸುಗಳನ್ನು ಕೆನ್ನೆಯ ಪಕ್ಕ ಎತ್ತಿ ಹಿಡಿದಿರುತ್ತಾನೆ, ಬಾಕ್ಸರ್ ಅದರ ಮೇಲೆ ಹೊಡೆಯುತ್ತಾನೆ. ತೊಗಲಿಗೆ ತೊಗಲು ಬಡಿದ ಸದ್ದು ಕೊನೆಯ ಸಾಲಿನವರೆಗೂ ಕೇಳುತ್ತದೆ, ಯಾರಿಗೂ ನೋವಿಲ್ಲ. ಗವಸು 12 ಔನ್ಸ್, ಸುಮಾರು 340 ಗ್ರಾಂ. ಆ ಕಾಲದ ವೃತ್ತಿಪರರು ಇದಕ್ಕಿಂತ ತೀರ ಹಗುರ ಗವಸು ತೊಡುತ್ತಿದ್ದರು, ಆದರೆ ಇಲ್ಲಿ ನಿಜಕ್ಕಿಂತ ಸುರಕ್ಷತೆ ಮುಖ್ಯ. 16 ಔನ್ಸಿನದು ಬೇಡ, ಅದು ದಿಂಬಿನಂತೆ ಕಂಡು ಸಭೆ ಬೇಡದ ಕಡೆ ನಗುತ್ತದೆ.

ಮುಖಕ್ಕೆ ಬಿದ್ದಂತೆ ಕಾಣುವ ಗುದ್ದು ಇಡೀ ನಾಟಕದಲ್ಲಿ ಎರಡೇ. ಒಂದು ಮೊದಲ ಸುತ್ತಿನಲ್ಲಿ, ಶಕ್ತಿ ತೋರಿಸಲು. ಇನ್ನೊಂದು ಕೊನೆಯ ಸುತ್ತಿನಲ್ಲಿ, ಬೀಳಿಸಲು. ಇವಕ್ಕೆ ಇಬ್ಬರೂ ಸಭೆಗೆ ಪಕ್ಕ ಕೊಟ್ಟು ನಿಲ್ಲಬಾರದು. ಹಾಗೆ ನಿಂತರೆ ಮುಷ್ಟಿಗೂ ಮುಖಕ್ಕೂ ನಡುವಿನ ಜಾಗ ಬಯಲಾಗುತ್ತದೆ. ಹೊಡೆಯುವವನು ಮುಂದೆ, ಬೆನ್ನು ಸಭೆಗೆ. ಹೊಡೆಸಿಕೊಳ್ಳುವವನು ಅವನ ಹಿಂದೆ, ಮುಖ ಸಭೆಗೆ. ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಹೊಡೆಯುವ ಗುದ್ದು) ಬೀಸಿದಾಗ ಗವಸು ಎದುರಾಳಿಯ ಮುಖದಿಂದ ಕನಿಷ್ಠ ಒಂದು ಗೇಣು ದೂರದಲ್ಲಿ ಅಡ್ಡ ಹಾಯಬೇಕು. ಕ್ರಮ ಹೀಗೆ: ಕಣ್ಣಿಗೆ ಕಣ್ಣು, ಹೊಡೆಯುವವನ ಭುಜ ಹಿಂದಕ್ಕೆ, ಎದುರಾಳಿಯ ತಲೆ ತಿರುಗಲು ಶುರು, ಆಮೇಲೆ ಕೈ. ಕೈ ಮೊದಲು, ತಲೆ ಆಮೇಲೆ ಎಂದಾದರೆ ಒಂದು ದಿನ ತಪ್ಪದೆ ತಾಗುತ್ತದೆ. ಸದ್ದು ಮಾಡುವುದು ಹೊಡೆಸಿಕೊಂಡವನ ಕೆಲಸ. ಸಭೆಗೆ ಕಾಣದ ಕಡೆಯ ಗವಸಿನಿಂದ ತನ್ನ ಎದೆಗೇ ಬಡಿದುಕೊಳ್ಳಬೇಕು. ಪಕ್ಕದಲ್ಲಿ ನಿಂತವರು ಚಪ್ಪಾಳೆ ಹೊಡೆದು ಸದ್ದು ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ; ಅವರು ನೋಡಿ ಹೊಡೆಯುವಷ್ಟರಲ್ಲಿ ಕಾಲು ಸೆಕೆಂಡ್ ತಡವಾಗಿರುತ್ತದೆ, ಕಿವಿ ಅದನ್ನು ಕ್ಷಮಿಸುವುದಿಲ್ಲ. ಮೂರು ಕಡೆ ಪ್ರೇಕ್ಷಕರು ಕೂರುವ ರಂಗವಾದರೆ ಈ ಮರೆ ಯಾರಾದರೊಬ್ಬರಿಗೆ ಒಡೆದೇ ಒಡೆಯುತ್ತದೆ. ಅಲ್ಲಿ ಮುಖದ ಗುದ್ದನ್ನು ಬಿಟ್ಟು, ಗವಸಿನ ಕಾಪಿನ ಮೇಲೆ ಬಿದ್ದ ಹೊಡೆತದ ಜೋರಿಗೇ ಎದುರಾಳಿ ಕುಸಿಯುವಂತೆ ಮಾಡಿ.

ತಾಲೀಮು ಕಾಲು ವೇಗದಲ್ಲಿ ಶುರುವಾಗಿ ಅರ್ಧಕ್ಕೆ, ಆಮೇಲೆ ಮುಕ್ಕಾಲಿಗೆ. ಪ್ರದರ್ಶನವೂ ಮುಕ್ಕಾಲಿನಲ್ಲೇ. ಪೂರ್ಣ ವೇಗದ ಗುದ್ದು ಕಣ್ಣಿಗೆ ಸಿಕ್ಕುವುದಿಲ್ಲ, ನಟರ ಕೈಯಲ್ಲೂ ಉಳಿಯುವುದಿಲ್ಲ.

ಪಾತ್ರ ಹಂಚುವಾಗ ಬಾಕ್ಸರ್‌ಗಿಂತ ಮೊದಲು ಹಾಲಿನವನನ್ನು ಹುಡುಕಿ. ಹೊಡೆತ ಎಷ್ಟು ಜೋರೆಂದು ತೋರಿಸುವವನು ಹೊಡೆಸಿಕೊಂಡವನೇ. ಅವನನ್ನು ಕಡ್ಡಿಯಂಥ ಹುಡುಗನನ್ನಾಗಿ ಮಾಡಬಾರದು. ಆಗಿನ ಹೆವಿವೇಟ್ ಎಂದರೆ 175 ಪೌಂಡ್, ಅಂದರೆ 79 ಕಿಲೋಗಿಂತ ಮೇಲೆ, ಮೇಲ್ಮಿತಿಯಿಲ್ಲ. ಇಬ್ಬರೂ ದಪ್ಪನೆಯವರೇ ಇರಲಿ, ಒಬ್ಬ ಇನ್ನೂ ದಪ್ಪ ಇರಲಿ. ಬಡಕಲನ ಮೇಲೆ ಕನಿಕರ ಯಾರಿಗಾದರೂ ಬರುತ್ತದೆ. ತನಗೆ ಸಮನಾದವನ ದಣಿವನ್ನು ಗುರುತಿಸುವುದೇ ನಮ್ಮ ಬಾಕ್ಸರನ ಗುಣ.

ಎರಡನೇ ಸುತ್ತಿನ ತೆಕ್ಕೆ ಇಡೀ ನಾಟಕದ ಜೀವ. ಹಾಲಿನವನು ತೂಕಡಿಸುತ್ತ ಬಾಕ್ಸರನ ಹೆಗಲಿಗೆ ಹಣೆ ಒರಗಿಸುತ್ತಾನೆ. ಬಾಕ್ಸರ್ ಅವನ ಕಂಕುಳಿಗೆ ಎರಡೂ ಗವಸು ಕೊಟ್ಟು ನಿಲ್ಲಿಸಿ, ಹೊಡೆದಾಡುತ್ತಿರುವಂತೆ ಕಾಣಲೆಂದು ಮೆಲ್ಲಗೆ ಸುತ್ತುತ್ತಾನೆ. ಹಾಲಿನವನ ಮೈಭಾರ ಅವನ ಪಾದದ ಮೇಲೇ ಇರಬೇಕು, ಮಂಡಿ ಸ್ವಲ್ಪ ಸಡಿಲ. ನಿಜವಾಗಿ ಭಾರ ಬಿಟ್ಟರೆ ಬಾಕ್ಸರನ ಸೊಂಟ ಹಿಡಿದುಕೊಳ್ಳುತ್ತದೆ. ಒಂದೊಂದು ಬಾರಿಗೆ ಕಾಲು ಸುತ್ತು, ಒಟ್ಟು ಮೂರು ಬಾರಿ ತಿರುಗಿದರೆ ಮಲಗಿದವನ ಮುಖ ಎಲ್ಲರಿಗೂ ಕಾಣುತ್ತದೆ. ರೆಫರಿಯ ಮೂರನೇ "ಬ್ರೇಕ್" (ತೆಕ್ಕೆ ಬಿಡಿ ಎಂಬ ಕೂಗು) ತನಕ ಹನ್ನೆರಡು ಸೆಕೆಂಡ್. ಇಲ್ಲಿ ಬಾಕ್ಸರ್ ಸಭೆಯ ಕಡೆ ನೋಡಿದರೆ, ತುಟಿಯಂಚಿನಲ್ಲಿ ನಕ್ಕರೆ, ಕೆಲಸ ಕೆಟ್ಟಿತು. ಅವನ ಗಮನವೆಲ್ಲ ಮಲಗಿದವನ ನಿದ್ದೆ ಕೆಡದಂತೆ ನೋಡಿಕೊಳ್ಳುವುದರಲ್ಲಿರಬೇಕು.

ಬಾಕ್ಸರ್ ಪಾತ್ರಧಾರಿಗೆ ನಾನು ಓದಲು ಕೊಟ್ಟದ್ದು ಇಬ್ಬರ ಬದುಕು. ಇಟಲಿಯ ಪ್ರಿಮೊ ಕಾರ್ನೆರಾ ಸರ್ಕಸ್ಸಿನಿಂದ ಬಂದ ದೈತ್ಯ. 1933ರಲ್ಲಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ, ಆದರೆ ಗಳಿಕೆಯ ಬಹುಪಾಲು ಸುತ್ತಲಿದ್ದವರ ಜೇಬು ಸೇರಿತು. ಇನ್ನೊಬ್ಬ, ಅವನನ್ನು 1934ರಲ್ಲಿ ಸೋಲಿಸಿದ ಮ್ಯಾಕ್ಸ್ ಬೇರ್. 1930ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರ್‌ನ ಏಟು ತಿಂದ ಫ್ರಾಂಕಿ ಕ್ಯಾಂಪ್‌ಬೆಲ್ ಎಂಬ ಬಾಕ್ಸರ್ ಸತ್ತುಹೋದ. ಆ ಸಾವು ಬೇರ್‌ನನ್ನು ಬಿಡಲಿಲ್ಲ. ತನ್ನ ಕೈಗೆ ಎಷ್ಟು ಬಲವಿದೆ ಎಂದು ತಿಳಿದವನೇ ಕೈ ತಡೆಯುವುದು. ಇದು ನಟನ ಮೈಗೆ ಬಂದರೆ ಬಾಕ್ಸರನನ್ನು ಪೆದ್ದನಂತೆ ಆಡುವ ಆಸೆ ತಾನಾಗಿ ಹೋಗುತ್ತದೆ. ಪೆದ್ದನ ಕರುಣೆಗೆ ತೂಕವಿಲ್ಲ. ಅವನಿಗೆ ನಮ್ಮ ಯಾವುದೋ ಸೀಮೆಯ ಆಡುಮಾತು ಕೊಟ್ಟು ನಗಿಸುವುದನ್ನೂ ನಾನು ಒಪ್ಪುವುದಿಲ್ಲ, ಅದು ಆ ಸೀಮೆಯವರಿಗೆ ಮಾಡುವ ಅವಮಾನ. ಬಾಕ್ಸರ್ ಕಡಿಮೆ ಮಾತಿನವನು, ಅಷ್ಟೆ.

ಅವನ ಬಲವನ್ನು ಮೊದಲ ದೃಶ್ಯದಲ್ಲೇ ತೋರಿಸಿಬಿಡಬೇಕು. ಇಬ್ಬರು ಏದುಸಿರು ಬಿಡುತ್ತ ಎಳೆದು ತಂದ ಟ್ರಂಕನ್ನು ಅವನು ಒಂದೇ ಕೈಯಲ್ಲಿ ಎತ್ತಿಡುತ್ತಾನೆ. ಟ್ರಂಕ್ ಖಾಲಿಯಿದ್ದರೆ ಇಟ್ಟಾಗ ಡಬ್ಬದ ಸದ್ದು ಬಂದು ಗುಟ್ಟು ರಟ್ಟಾಗುತ್ತದೆ. ಐದು ಕಿಲೋ ಮರಳನ್ನು ಚೀಲದಲ್ಲಿ ತುಂಬಿ ಟ್ರಂಕಿನ ತಳಕ್ಕೆ ಅಂಟಿಸಿ. ಸಡಿಲ ಬಿಟ್ಟರೆ ಎತ್ತುವಾಗ ಒಂದು ಬದಿಗೆ ಜಾರುತ್ತದೆ.

ಮ್ಯಾನೇಜರಿಗೂ ಒಬ್ಬ ಮಾದರಿ ಬೇಕಿತ್ತು. ಆಗಿನ ವಿಶ್ವ ಹೆವಿವೇಟ್ ಚಾಂಪಿಯನ್ ಜಾಕ್ ಡೆಂಪ್ಸಿಯ ಮ್ಯಾನೇಜರ್ ಜಾಕ್ ಕೀರ್ನ್ಸ್ 1923ರ ಜುಲೈ 4ರಂದು ಅಮೆರಿಕದ ಮೊಂಟಾನಾದ ಶೆಲ್ಬಿ ಎಂಬ ಪುಟ್ಟ ಊರಿನಲ್ಲಿ ಪಂದ್ಯ ಆಡಿಸಲು 3 ಲಕ್ಷ ಡಾಲರ್ ಕೇಳಿದ. ಜನ ಬರಲಿಲ್ಲ, ಊರು ಮುಳುಗಿತು, ಆ ಸೀಮೆಯ ಬ್ಯಾಂಕುಗಳು ಬಾಗಿಲು ಹಾಕಿದವು. ಎದುರಾಳಿ ಟಾಮಿ ಗಿಬ್ಬನ್ಸ್ 15 ಸುತ್ತು ನಿಂತು ಹೊಡೆದಾಡಿ ಬರಿಗೈಲಿ ಹೋದ. ಕೀರ್ನ್ಸ್ ಮಾತ್ರ ಟಿಕೆಟ್ ಹಣವನ್ನೂ ಹಿಡಿದು ಊರು ಬಿಟ್ಟ. ನಮ್ಮ ಮ್ಯಾನೇಜರಿನ ಮೊತ್ತ ಚಿಕ್ಕದು, ಸ್ವಭಾವ ಅದೇ. ತಾನು ಮೋಸ ಮಾಡುತ್ತಿದ್ದೇನೆಂದು ಅವನಿಗೆ ಒಂದು ಗಳಿಗೆಯೂ ಅನ್ನಿಸುವುದಿಲ್ಲ. ಕಣ್ಣು ಮಿಟುಕಿಸುವ ಖಳನಂತೆ ಆಡಿದರೆ ಸಭೆ ಅವನನ್ನು ದ್ವೇಷಿಸುತ್ತದೆ, ನಗುವುದಿಲ್ಲ. ತನ್ನ ಯೋಜನೆಯಿಂದ ಊರಿಗೆಲ್ಲ ಒಳ್ಳೆಯದಾಗುತ್ತದೆ ಎಂದು ಅವನು ಮನಸಾರೆ ನಂಬಿರಬೇಕು.

ಸಮಯದ ಹಂಚಿಕೆಯಲ್ಲಿ ನಿಜವನ್ನು ತಲೆಕೆಳಗು ಮಾಡಿದೆ. ಮೂರು ನಿಮಿಷದ ಸುತ್ತು ರಂಗದ ಮೇಲೆ 45 ಸೆಕೆಂಡ್. ಒಂದು ನಿಮಿಷದ ಬಿಡುವು ಒಂದೂವರೆ ನಿಮಿಷ. ಮ್ಯಾನೇಜರಿನ ಬಾಯಿ ನಡೆಯುವುದು ಬಿಡುವಿನಲ್ಲೇ, ಮೂಲೆಯ ಸ್ಟೂಲಿನ ಪಕ್ಕದಲ್ಲೇ. ಸುತ್ತು ನಡೆಯುವಾಗ ಮಾತು ಬೇಡ. ಮೈ ಆಡುವಾಗ ಕಿವಿ ಕೇಳಿಸಿಕೊಳ್ಳುವುದಿಲ್ಲ. ಬಿಡುವಿನ ಕೊನೆಗೆ ಗಂಟೆ ಮ್ಯಾನೇಜರಿನ ಮಾತನ್ನು ಕತ್ತರಿಸಬೇಕು. ಇದಕ್ಕೆ ಕನ್ನಡದ ವಾಕ್ಯ ಹೇಳಿಮಾಡಿಸಿದಂತಿದೆ, ಕ್ರಿಯಾಪದ ಕೊನೆಗೆ ಬರುತ್ತದಲ್ಲ. "ಈ ಸುತ್ತು ಮುಗಿಯಲಿ, ನಿನ್ನ ಎಂಟು ಪೌಂಡು ನಿನ್ನ ಕೈಗೇ ನಾನು..." ಅಷ್ಟರಲ್ಲಿ ಗಂಟೆ. ಕೊಡುತ್ತಾನೋ ಕೊಡುವುದಿಲ್ಲವೋ ತೂಗುತ್ತ ಉಳಿಯುತ್ತದೆ. ಹೀಗಾಗಿ ಗಂಟೆಯವನು ನಾಟಕದ ಪೂರ್ತಿ ಮಾತು ಬಲ್ಲವನಿರಬೇಕು, ಪ್ರತಿ ತಾಲೀಮಿಗೂ ಬರಬೇಕು. ಗಂಟೆಗೆ ಜಾಗಟೆ ಬಳಸಬೇಡಿ, ನಮ್ಮ ಜನಕ್ಕೆ ತಕ್ಷಣ ಮಂಗಳಾರತಿ ನೆನಪಾಗುತ್ತದೆ. ಶಾಲೆಗಳಲ್ಲಿ ನೇತುಹಾಕಿ ಸುತ್ತಿಗೆಯಲ್ಲಿ ಬಾರಿಸುವ ದಪ್ಪ ತಟ್ಟೆ ಸರಿಯಾದ ಸದ್ದು ಕೊಡುತ್ತದೆ. ಬಾರಿಸಿದ ಕೂಡಲೇ ಅಂಗೈಯಿಂದ ಹಿಡಿದು ನಿಲ್ಲಿಸಬೇಕು, ಇಲ್ಲದಿದ್ದರೆ ಅದರ ಗುಂಯ್‌ಗಾಟ ಮುಂದಿನ ಮಾತನ್ನು ನುಂಗುತ್ತದೆ.

ಮೂಲೆಯ ಬಕೆಟ್ಟಿನಲ್ಲಿ ನೀರು ಬೇಡ. ತಳಕ್ಕೆ ಒಣ ಟವೆಲ್ ಹಾಕಿ, ಅದರ ಮೇಲೆ ಹಿಂಡಿದ ಸ್ಪಂಜು ಇಟ್ಟರೆ ಸಾಕು. ಒದ್ದೆ ಕ್ಯಾನ್ವಾಸ್ ಜಾರುತ್ತದೆ. ಬೆವರಿಗೆ ಗ್ಲಿಸರಿನ್, ನೀರು ಸಮಪಾಲು ಬೆರೆಸಿ ಹಣೆಗೆ, ಎದೆಗೆ ಸಿಂಪಡಿಸಿ. ಅಂಗೈಗೆ, ಪಾದಕ್ಕೆ ಮಾತ್ರ ಸೋಕಬಾರದು. ರಕ್ತ ಒಂದು ಹನಿಯೂ ಬೇಡ, ಕೆಂಪು ಕಂಡ ಕ್ಷಣ ಸಭೆಯ ನಗು ನಿಂತು ಮತ್ತೆ ಏಳಲು ಹತ್ತು ನಿಮಿಷ ಬೇಕಾಗುತ್ತದೆ. ಹಲ್ಲುಕಾಪನ್ನೂ ಬಿಟ್ಟೆವು, ಅದನ್ನು ಕಚ್ಚಿಕೊಂಡು ಮಾತಾಡಲಾಗುವುದಿಲ್ಲ.

ಬೀಳುವ ಕಲೆ ಬೇರೆಯಾಗಿಯೇ ಕಲಿಸಬೇಕು. ಮೊದಲು ಮಂಡಿ ಮಡಿಸಿ ಕೆಳಗಾಗು, ಆಮೇಲೆ ಮೀನಖಂಡದ ಹೊರಬದಿ, ತೊಡೆ, ಪೃಷ್ಠದ ಪಕ್ಕ, ಬೆನ್ನಿನ ಪಕ್ಕ ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗಲಿ. ಗದ್ದ ಎದೆಗೆ, ಉಸಿರು ಹೊರಕ್ಕೆ. ಹೆದರಿಕೆಯಲ್ಲಿ ಕೈ ಊರುವುದು ಎಲ್ಲರ ಸಹಜ ಪ್ರವೃತ್ತಿ, ಗವಸು ತೊಟ್ಟ ಕೈ ಊರಿದರೆ ಮಣಿಕಟ್ಟು ತಿರುಚುತ್ತದೆ. ಆದ್ದರಿಂದ ಮೊದಲ ವಾರ ಗವಸಿಲ್ಲದೆ, ಕೈ ಎದೆಗೆ ಕಟ್ಟಿಕೊಂಡು ಬೀಳುವ ಅಭ್ಯಾಸ.

ಬಿದ್ದ ಮೇಲೆ ರೆಫರಿಯ ಎಣಿಕೆ. ಇದನ್ನು ಮಾತ್ರ ನಿಜವಾದ ಹತ್ತು ಸೆಕೆಂಡಿಗೇ ಇಟ್ಟಿದ್ದೇನೆ. ಮೂರಕ್ಕೆ ಬಾಕ್ಸರ್ ತನ್ನ ಮೂಲೆಯಿಂದ ತಿರುಗಿ ನೋಡುತ್ತಾನೆ. ಐದಕ್ಕೆ "ಏಳಪ್ಪಾ" ಎನ್ನುತ್ತಾನೆ. ಏಳಕ್ಕೆ ಬಗ್ಗುತ್ತಾನೆ. ಒಂಬತ್ತಕ್ಕೆ ಎತ್ತಿ ನಿಲ್ಲಿಸಿ ಅವನ ಚಡ್ಡಿಯ ಧೂಳು ಕೊಡವುತ್ತಾನೆ. ಸಭೆ ಎಷ್ಟೇ ನಗಲಿ, ರೆಫರಿ ಎಣಿಕೆ ನಿಲ್ಲಿಸಬಾರದು. ನಗುವಿಗೆ ಕಾದರೆ ಗೆಲುವು ಕೈತಪ್ಪುತ್ತಿದೆ ಎಂಬ ಆತಂಕ ಸಡಿಲವಾಗುತ್ತದೆ. ಸದ್ದಿನಲ್ಲಿ ಕೇಳದವರಿಗಾಗಿ ಬೆರಳೆತ್ತಿ ಎಣಿಸಲಿ.

ಪ್ರತಿ ಪ್ರದರ್ಶನಕ್ಕೂ ಮುಂಚೆ, ಬಣ್ಣ ಹಚ್ಚುವ ಮೊದಲೇ, ಮೂರೂ ಸುತ್ತುಗಳನ್ನು ಅರ್ಧ ವೇಗದಲ್ಲಿ ಒಮ್ಮೆ ಆಡಿಸುವುದು ಕಡ್ಡಾಯ. ನೂರನೇ ಪ್ರದರ್ಶನವಾದರೂ ಸರಿ. ಯಾರಿಗಾದರೂ ಜ್ವರ, ನಿದ್ದೆಗೇಡು, ಸಿಟ್ಟು ಇದ್ದರೆ ಅಲ್ಲಿ ತಿಳಿಯುತ್ತದೆ, ಆ ದಿನ ಮುಖದ ಎರಡು ಗುದ್ದನ್ನೂ ಕಾಪಿನ ಮೇಲಿನ ಗುದ್ದಿಗೆ ಬದಲಾಯಿಸಿಬಿಡುತ್ತೇನೆ. ಗವಸಿನ ದಾರ ಕಟ್ಟಲು ರಂಗದಲ್ಲಿ ಹೊತ್ತು ಸಿಗುವುದಿಲ್ಲ, ಬಿಚ್ಚಿದ ದಾರದ ತುದಿ ಕಣ್ಣಿಗೆ ಬೀಸಿದರೆ ಅಪಾಯ. ದಾರವನ್ನು ಮೇಲ್ನೋಟಕ್ಕೆ ಹೊಲಿದು, ಒಳಗೆ ಎರಡಿಂಚಿನ ಎಲಾಸ್ಟಿಕ್ ಪಟ್ಟಿ ಕೊಡಿಸಿ. ಆಟ ಮುಗಿದ ಮೇಲೆ ಗವಸಿನೊಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಟ್ಟರೆ ರಾತ್ರಿಯೊಳಗೆ ಒಣಗುತ್ತದೆ. ಬಿಸಿಲಿಗೆ ಹಾಕಿದರೆ ತೊಗಲು ಬಿರಿಯುತ್ತದೆ, ಬಿರಿದ ತೊಗಲು ಕೆನ್ನೆ ಗೀರುತ್ತದೆ.